ಊರ ಕೆರೆಯಲ್ಲಿ ವಿಜ್ಞಾನ ಪಾಠ ಮಾಡುವುದು ಹೇಗೆ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಯಿಂದ ಕೆರೆ ಏರಿಗೆ ಹದಿನೈದು ನಿಮಿಷದ ನಡಿಗೆ. ಏರಿ ದಾಟಿದರೆ ಗುಂಡುತೋಪು, ಅದಕ್ಕೆ ಅಂಟಿಕೊಂಡು ಗೋಮಾಳ. ಮೂರೂ ಸರ್ಕಾರಿ ಜಾಗ, ಅಂದರೆ ಊರವರೆಲ್ಲರ ಜಾಗ. ಒಂಬತ್ತು ವರ್ಷದಿಂದ ಎಂಟು, ಒಂಬತ್ತನೇ ತರಗತಿ ಮಕ್ಕಳನ್ನು ತಿಂಗಳಿಗೊಂದು ಶನಿವಾರ ಬೆಳಗ್ಗೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. "ಹೇಗೆ ಶುರು ಮಾಡೋದು ಮೇಡಂ?" ಅಂತ ಬೇರೆ ಶಾಲೆಯ ಶಿಕ್ಷಕರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ತಪ್ಪು. ಅರವತ್ತು ಮಕ್ಕಳನ್ನು ಒಂದೇ ಸಲ ಕರೆದುಕೊಂಡು ಹೋದೆ. ಕೆರೆ, ಮರ, ಹಕ್ಕಿ, ಮಣ್ಣು ಎಲ್ಲವನ್ನೂ ಒಂದೇ ದಿನ ತೋರಿಸಿಬಿಡಬೇಕು ಎನ್ನುವ ಆಸೆ. ಮುಂದಿದ್ದವರಿಗೆ ನನ್ನ ಮಾತು ಕೇಳಿಸಿತು, ಹಿಂದಿದ್ದವರು ಹುಣಸೆಕಾಯಿ ಕಿತ್ತರು. ಸೋಮವಾರ ಏನು ನೋಡಿದಿರಿ ಅಂತ ಕೇಳಿದರೆ "ಕೆರೆ ನೋಡಿದ್ವಿ ಮಿಸ್" ಅಂದರು. ಆ ಕೆರೆಯನ್ನು ಅವರು ಹುಟ್ಟಿದಾಗಿನಿಂದ ನೋಡುತ್ತಿದ್ದಾರೆ, ಅಲ್ವಾ?

ಅವತ್ತಿನಿಂದ ನನ್ನದು ಒಂದೇ ನಿಯಮ. ಜಾಗ ಒಂದೇ, ಪ್ರಶ್ನೆ ಒಂದೇ, ಆದರೆ ಹೋಗುವುದು ಹತ್ತು ಸಲ. ಜೂನ್‌ನಲ್ಲಿ ಅಳತೆ ಮಾಡಿದ್ದನ್ನೇ ಜುಲೈನಲ್ಲಿ, ಆಗಸ್ಟ್‌ನಲ್ಲಿ, ಜನವರಿಯಲ್ಲಿ ಮತ್ತೆ ಅಳೆಯಬೇಕು. ಅಂಕಿ ಬದಲಾದಾಗ ಮಕ್ಕಳು ತಾವಾಗಿಯೇ "ಯಾಕೆ?" ಅನ್ನುತ್ತಾರೆ. ಆ "ಯಾಕೆ" ಅವರ ಬಾಯಿಂದ ಬರುವವರೆಗೂ ನಾನು ಪಾಠ ಹೇಳುವುದಿಲ್ಲ.

ಹೋಗುವ ಮೊದಲು

ಜಾಗ ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲೇ ನಿಂತು ನೋಡಿದರೆ ಸರ್ವೆ ನಂಬರ್ ಸಿಗುತ್ತದೆ. ಗ್ರಾಮ ನಕ್ಷೆಯನ್ನೂ ಒಮ್ಮೆ ನೋಡಿ. ನಮ್ಮ ಗುಂಡುತೋಪು ಎಂದುಕೊಂಡಿದ್ದ ಜಾಗದ ಒಂದು ಮೂಲೆ ಪಕ್ಕದ ರೈತರ ಹಿಡುವಳಿ ಎಂದು ಗೊತ್ತಾಗಿದ್ದು ಹಾಗೆ. ಅವರನ್ನು ಮೊದಲೇ ಹೋಗಿ ಕೇಳಿದ್ದರಿಂದ ಮಕ್ಕಳಿಗೆ ಎಳನೀರೂ ಸಿಕ್ಕಿತು.

ಅಚ್ಚುಕಟ್ಟು, ಅಂದರೆ ಕೆರೆಯಿಂದ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತಿ ಕಡೆಗೆ ಬರುತ್ತವೆ. ಅದಕ್ಕಿಂತ ದೊಡ್ಡದಾದರೆ, 2000 ಹೆಕ್ಟೇರ್‌ವರೆಗೆ, ಸಣ್ಣ ನೀರಾವರಿ ಇಲಾಖೆಯದು. ನಮ್ಮದು ಚಿಕ್ಕ ಕೆರೆ. ಹಾಗಾಗಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಪುಟದ ಪತ್ರ ಸಾಕಾಯಿತು. ಯಾವ ದಿನ, ಎಷ್ಟು ಮಕ್ಕಳು, ಜೊತೆಗೆ ಯಾರು, ಏನು ಮಾಡುತ್ತೇವೆ ಎಂದಷ್ಟೇ ಬರೆಯಿರಿ. ಕೆರೆಯ ಮೀನು ಗುತ್ತಿಗೆ ಹಿಡಿದವರಿಗೂ ಒಂದು ಮಾತು ಹೇಳಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಬಲೆ ಹಿಡಿದ ಮಕ್ಕಳನ್ನು ದೂರದಿಂದ ನೋಡಿದರೆ ಅವರಿಗೆ ಕೋಪ ಬರುವುದು ಸಹಜ. ನಮ್ಮ ಗುತ್ತಿಗೆದಾರರಿಗೆ ವಿಷಯ ತಿಳಿಸಿದ ಮೇಲೆ ಅವರೇ ನಮಗೆ ಒಳ್ಳೆಯ ಮೇಷ್ಟ್ರಾದರು.

ಅರಣ್ಯ ಇಲಾಖೆಯ ಜಾಗವಾದರೆ ವಲಯ ಅರಣ್ಯಾಧಿಕಾರಿಗಳ ಅನುಮತಿ ಇಲ್ಲದೆ ಕಾಲಿಡಬೇಡಿ. ದೇವರಾಯನದುರ್ಗ ನಮಗೆ ಹತ್ತಿರ. ಅಲ್ಲಿ ಒಂದು ಎಲೆಯನ್ನೂ ಕೀಳದೆ, ನೋಡಿ ಬರೆದುಕೊಂಡು ಬರುತ್ತೇವೆ. ಇಲಾಖೆಯ 'ಚಿಣ್ಣರ ವನ ದರ್ಶನ' ಕಾರ್ಯಕ್ರಮದ ಬಗ್ಗೆಯೂ ವಿಚಾರಿಸಿ. ಆದರೆ ನಡೆದು ಹೋಗುವಷ್ಟು ದೂರದ ಜಾಗದಿಂದ ಶುರು ಮಾಡುವುದೇ ಒಳ್ಳೆಯದು. ಬಸ್ಸು ಬೇಕು ಎಂದ ಕೂಡಲೇ ಅದು ವರ್ಷಕ್ಕೊಂದು ಪ್ರವಾಸವಾಗಿಬಿಡುತ್ತದೆ.

ಪೋಷಕರ ಒಪ್ಪಿಗೆ ಪತ್ರ, ಮುಖ್ಯ ಶಿಕ್ಷಕರ ಸಹಿ, ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಒಬ್ಬರು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಇದರಲ್ಲಿ ರಿಯಾಯಿತಿ ಬೇಡ.

ಹಿಂದಿನ ದಿನ ಸಂಜೆ ನೀವೊಬ್ಬರೇ ಹೋಗಿ ಬನ್ನಿ. ಮುಖ್ಯವಾಗಿ ಮೂರು ವಿಷಯ ನೋಡಿ. ಒಂದು, ಹೂಳು ಅಥವಾ ಮಣ್ಣು ತೆಗೆದ ಗುಂಡಿಗಳು. ಮಳೆ ಬಂದ ಮೇಲೆ ಅವು ನೀರಿನಡಿ ಕಾಣುವುದಿಲ್ಲ. ಮಕ್ಕಳು ಕೆರೆಯಲ್ಲಿ ಮುಳುಗುವುದು ಹೆಚ್ಚಾಗಿ ಇಂಥ ಗುಂಡಿಗಳಲ್ಲೇ. ಎರಡು, ತೋಪಿನ ಮರಗಳಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು. ಕಟ್ಟಿದ್ದರೆ ಆ ಕಡೆ ಹೋಗುವುದೇ ಇಲ್ಲ. ಮೂರು, ಊರಿನ ಕೊಳಚೆ ಎಲ್ಲಿ ಸೇರುತ್ತದೆ ಎಂದು.

ಒಂದು ಸಲ ನನ್ನ ಕಣ್ಣೆದುರೇ ಒಬ್ಬ ಹುಡುಗನ ಕಾಲು ಮಂಡಿವರೆಗೆ ಹೂಳಿನಲ್ಲಿ ಹೂತುಹೋಯಿತು. ದಡದಿಂದ ಎರಡೇ ಹೆಜ್ಜೆ. ಮೇಲೆ ನೋಡಿದರೆ ಒಣಗಿ ಬಿರುಕು ಬಿಟ್ಟ ಮಣ್ಣು, ಕೆಳಗೆ ಮೆತ್ತಗಿನ ಕೆಸರು. ಹಗ್ಗ ಕೊಟ್ಟು ಎಳೆದುಕೊಂಡೆವು. ಏನೂ ಆಗಲಿಲ್ಲ, ಆದರೆ ನನ್ನ ಕೈ ಸಂಜೆವರೆಗೂ ನಡುಗುತ್ತಿತ್ತು. ಆಮೇಲೆ ಒಂದು ಸುಣ್ಣದ ಗೆರೆ ಎಳೆಯುವುದು ಶುರು ಮಾಡಿದೆ. ಗೆರೆ ದಾಟಿ ನೀರಿನ ಕಡೆ ದೊಡ್ಡವರು ಮಾತ್ರ ಹೋಗಬೇಕು. ನೀರನ್ನು ಬಕೆಟ್‌ನಲ್ಲಿ ತಂದು ಮಕ್ಕಳ ಮುಂದೆ ಇಡುತ್ತೇವೆ. ಮಕ್ಕಳು ನೀರಿಗೆ ಇಳಿಯುವುದಿಲ್ಲ, ನೀರೇ ಮಕ್ಕಳ ಹತ್ತಿರ ಬರುತ್ತದೆ. ಕೈಯಲ್ಲಿ ಗಾಯ ಇದ್ದವರು ನೀರು ಮುಟ್ಟುವಂತಿಲ್ಲ, ಅವರು ಬರೆದುಕೊಳ್ಳುವ ಕೆಲಸ ಮಾಡಲಿ. ಇಲಿ ಜ್ವರ ಇಂಥ ನೀರಿನಿಂದಲೂ ಬರಬಹುದು. ವಾಪಸ್ ಹೊರಡುವ ಮುಂಚೆ ಎಲ್ಲರೂ ಸೋಪಿನಲ್ಲಿ ಕೈ ತೊಳೆಯಬೇಕು. ಅದಕ್ಕೆ ಶಾಲೆಯಿಂದಲೇ ನೀರಿನ ಕ್ಯಾನ್ ಹೊತ್ತುಕೊಂಡು ಹೋಗುತ್ತೇವೆ.

ಬಿಳಿ ತಟ್ಟೆಯಲ್ಲಿ ಕೆರೆ

ಬೇಕಾಗಿರುವುದು ಇಷ್ಟೇ. ದೊಡ್ಡ ಟೀ ಸೋಸುವ ಜಾಲರಿಯನ್ನು ಬಿದಿರು ಕೋಲಿಗೆ ತಂತಿಯಿಂದ ಬಿಗಿದು ಮಾಡಿದ ಬಲೆ, ಬಿಳಿ ಪ್ಲಾಸ್ಟಿಕ್ ತಟ್ಟೆ ಅಥವಾ ಟ್ರೇ, ಚಮಚ, ಚಿತ್ರ ಬಿಡಿಸುವ ಮೆತ್ತನೆಯ ಬ್ರಷ್, ಭೂತಕನ್ನಡಿ. ಟ್ರೇ ಬಿಳಿ ಬಣ್ಣದ್ದೇ ಆಗಿರಬೇಕು. ಸ್ಟೀಲ್ ತಟ್ಟೆ ಹೊಳೆದು ಏನೂ ಕಾಣುವುದಿಲ್ಲ.

ದಡದ ಹುಲ್ಲು, ಗಿಡಗಳ ಬುಡದಲ್ಲಿ ದೊಡ್ಡವರೊಬ್ಬರು ಬಲೆಯನ್ನು ಐದಾರು ಸಲ ಆಡಿಸಲಿ. ಬಂದದ್ದನ್ನು ಟ್ರೇಗೆ ಸುರಿಯಿರಿ, ಒಂದು ಇಂಚು ತಿಳಿನೀರು ಹಾಕಿ. ಆಮೇಲೆ ಎರಡು ನಿಮಿಷ ಯಾರೂ ಮಾತಾಡಬಾರದು, ಮುಟ್ಟಬಾರದು. ಈ ಎರಡು ನಿಮಿಷ ಬಹಳ ಮುಖ್ಯ. ಮೊದಲು ಕಸ, ಕೊಳೆತ ಎಲೆ ಮಾತ್ರ ಕಾಣುತ್ತದೆ. ಕೆಸರು ತಳಕ್ಕೆ ಕೂತ ಹಾಗೆ ಒಂದು ಕಡ್ಡಿ ನಡೆಯಲು ಶುರು ಮಾಡುತ್ತದೆ. ಇನ್ನೊಂದು ಕಡೆ ಎಲೆಚೂರು ಅಂದುಕೊಂಡದ್ದು ಸರಕ್ಕನೆ ಮುಂದೆ ಚಿಮ್ಮುತ್ತದೆ.

ಹಾಗೆ ಚಿಮ್ಮುವುದು ಸಾಮಾನ್ಯವಾಗಿ ಏರೋಪ್ಲೇನ್ ಚಿಟ್ಟೆಯ ಮರಿ. ಮಕ್ಕಳಿಗೆ ಏರೋಪ್ಲೇನ್ ಚಿಟ್ಟೆ ಚೆನ್ನಾಗಿ ಗೊತ್ತು. ಅದರ ಮರಿ ನೀರೊಳಗೆ ಬೆಳೆಯುತ್ತದೆ ಎಂದು ಗೊತ್ತಿರುವುದಿಲ್ಲ. ಮಣ್ಣಿನ ಬಣ್ಣ, ಆರು ಕಾಲು, ದಪ್ಪ ಹೊಟ್ಟೆ. ಹಿಂಬದಿಯಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಹೆದರಿದರೆ ಅದೇ ನೀರನ್ನು ಜೋರಾಗಿ ಹೊರಗೆ ಹಾಕಿ ಮುಂದಕ್ಕೆ ನುಗ್ಗುತ್ತದೆ. ರಾಕೆಟ್ ಪಾಠ, ನ್ಯೂಟನ್ನನ ಮೂರನೇ ನಿಯಮ, ಎಲ್ಲಾ ಆ ಒಂದು ಇಂಚಿನ ಹುಳುವಿನಲ್ಲಿದೆ. ಟ್ರೇಯಲ್ಲಿ ಒಂದು ಸೊಳ್ಳೆ ಮರಿ ಇದ್ದರೆ ಸ್ವಲ್ಪ ಕಾಯಿರಿ. ಏರೋಪ್ಲೇನ್ ಚಿಟ್ಟೆ ಮರಿಯ ಕೆಳತುಟಿ ಮಡಚಿಟ್ಟ ಕೈಯಂತೆ ಮುಖದ ಕೆಳಗಿರುತ್ತದೆ. ಬೇಟೆ ಹತ್ತಿರ ಬಂದ ಕೂಡಲೇ ಅದು ಚಾಚಿ, ಹಿಡಿದು, ಮತ್ತೆ ಮಡಚಿಕೊಳ್ಳುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದ ಒಬ್ಬ ಹುಡುಗಿ ಅದನ್ನು ಕಂಡು "ಮಿಸ್, ಅದರ ಬಾಯಿ ಆಚೆ ಬಂತು!" ಎಂದು ಕೂಗಿದಳು. ಮುಂದಿನ ತಿಂಗಳು ಟ್ರೇ ಹಿಡಿಯುವ ಕೆಲಸ ತನಗೇ ಬೇಕು ಎಂದಳು.

ಈಗ ಎಣಿಸಲು ಹೇಳಿ. ಏರೋಪ್ಲೇನ್ ಚಿಟ್ಟೆಯ ಮರಿ ಎಷ್ಟು? ಬಾಲದಲ್ಲಿ ಮೂರು ಎಲೆಯಂಥ ಕಿವಿರು ಇರುವ ತೆಳ್ಳನೆಯ ಮರಿ ಎಷ್ಟು? ಬಸವನಹುಳು ಎಷ್ಟು? ದಾರದಂಥ ಕೆಂಪು ಹುಳು ಎಷ್ಟು? ಈ ಕೆಂಪು ಹುಳು ಕಚ್ಚದ ಒಂದು ಬಗೆಯ ನೊಣದ ಮರಿ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅದರಲ್ಲೂ ಇದೆ, ಅದಕ್ಕೇ ಆ ಕೆಂಪು. ಆಮ್ಲಜನಕ ತೀರಾ ಕಡಿಮೆ ಇರುವ ಕೊಳೆತ ಕೆಸರಿನಲ್ಲೂ ಅದು ಬದುಕುತ್ತದೆ. ಒಂದೇ ಕೆರೆಯ ಎರಡು ಕಡೆ ಬಲೆ ಹಾಕಿಸಿ. ನಮ್ಮಲ್ಲಿ ಕೋಡಿ ಕಡೆಯ ಟ್ರೇಯಲ್ಲಿ ಏಳೆಂಟು ಬಗೆಯ ಜೀವಿಗಳು ಸಿಕ್ಕವು. ಊರ ಚರಂಡಿ ಸೇರುವ ಕಡೆಯಿಂದ ತಂದ ಟ್ರೇಯಲ್ಲಿ ಬರೀ ಕೆಂಪು ಹುಳು, ಅದೂ ರಾಶಿ. ಅಲ್ಲಿ ಬಲೆ ಹಾಕಿದ್ದು ನಾನೇ, ಕೈಗವಸು ಹಾಕಿಕೊಂಡು. ಮಾಲಿನ್ಯ ಎಂಬ ಪದವನ್ನು ಅವತ್ತು ನಾನು ಬಳಸಲೇ ಇಲ್ಲ. ಎರಡು ಟ್ರೇ ಪಕ್ಕಪಕ್ಕ ಇಟ್ಟೆ, ಅಷ್ಟೇ.

ಶಾಲೆಯಲ್ಲಿ ಫೋಲ್ಡ್‌ಸ್ಕೋಪ್ ಇದ್ದರೆ ತನ್ನಿ. ಮನು ಪ್ರಕಾಶ್ ಅವರ ತಂಡ ರೂಪಿಸಿದ ಈ ಕಾಗದದ ಸೂಕ್ಷ್ಮದರ್ಶಕ ವಸ್ತುವನ್ನು ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಹಸಿರು ನೀರಿನ ಒಂದು ಹನಿ ಸಾಕು.

ಹಸಿರು ನೀರಿನ ಬಗ್ಗೆ ಇನ್ನೊಂದು ಪುಟ್ಟ ಪ್ರಯೋಗ. ಬೆಳಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಪಿಎಚ್ ಕಾಗದ ಅದ್ದಿ ನೋಡಿ. ಪಾಚಿ ಜಾಸ್ತಿ ಇರುವ ಕೆರೆಯಲ್ಲಿ ಮಧ್ಯಾಹ್ನದ ಅಂಕಿ ಹೆಚ್ಚಿರುತ್ತದೆ (ಪಿಎಚ್ ಅಂಕಿ ಹೆಚ್ಚಿದಷ್ಟೂ ಆಮ್ಲೀಯತೆ ಕಡಿಮೆ). ಬಿಸಿಲಿನಲ್ಲಿ ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಬಳಸಿಕೊಳ್ಳುತ್ತದೆ, ನೀರಿನ ಆಮ್ಲೀಯತೆ ತಗ್ಗುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಆಮ್ಲಜನಕ ಖಾಲಿಯಾಗುತ್ತಾ ಬರುತ್ತದೆ. "ಎರಡು ದಿನ ಮೋಡ ಮುಚ್ಚಿಕೊಂಡ್ರೆ ಮೂರನೇ ದಿನ ಬೆಳಗಾಗ್ತಿದ್ದಂಗೆ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ" ಎಂದು ನಮ್ಮ ಮೀನಿನ ಗುತ್ತಿಗೆದಾರರು ಮಕ್ಕಳಿಗೆ ಹೇಳಿದರು. ದ್ಯುತಿಸಂಶ್ಲೇಷಣೆಯ ಪಾಠವನ್ನು ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಕೆರೆ ನೀರು ಎಲ್ಲಿ ಹೋಗುತ್ತದೆ?

ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಬಿಸಿಯೂಟದ ಅಡುಗೆಮನೆಯ ಅಕ್ಕನವರನ್ನು ಕೇಳಿ ಒಂದು ಹಳೆಯ ಪಾತ್ರೆ ತನ್ನಿ. ತಳದಿಂದ ಬಾಯಿವರೆಗೆ ಅಗಲ ಒಂದೇ ಇರಬೇಕು. ನಮ್ಮ ಪಾತ್ರೆ 40 ಸೆಂ.ಮೀ. ಅಗಲ. ಒಳಗೆ ಒಂದು ಗುರುತು ಹಾಕಿ, ಅಲ್ಲಿವರೆಗೆ ನೀರು ತುಂಬಿ, ಬಯಲಿನಲ್ಲಿ ಇಡಿ. ಮೇಲೆ ಅಗಲ ಕಣ್ಣಿನ ಜಾಲರಿ ಕಟ್ಟಿ, ಇಲ್ಲದಿದ್ದರೆ ಕಾಗೆ, ನಾಯಿ ಕುಡಿದು ಲೆಕ್ಕ ತಪ್ಪುತ್ತದೆ. ಮಾರನೇ ದಿನ ಅದೇ ಹೊತ್ತಿಗೆ, ಮತ್ತೆ ಗುರುತು ಮುಟ್ಟುವವರೆಗೆ ಅಳತೆ ಲೋಟದಿಂದ ನೀರು ಹಾಕಿ. ಎಷ್ಟು ಹಾಕಿದಿರೋ ಅಷ್ಟು ಆವಿಯಾಗಿದೆ.

ಸ್ಕೇಲಿನಲ್ಲಿ ಮಿಲಿಮೀಟರ್ ಓದುವುದಕ್ಕಿಂತ ಇದು ಸುಲಭ, ನಿಖರ. 40 ಸೆಂ.ಮೀ. ಅಗಲದ ದುಂಡು ಪಾತ್ರೆಯಲ್ಲಿ 1 ಮಿ.ಮೀ. ನೀರು ಎಂದರೆ ಸುಮಾರು 125 ಮಿ.ಲೀ. ಏಪ್ರಿಲ್ ಮೊದಲ ವಾರ ನಮ್ಮ ಮಕ್ಕಳು ಒಂದು ದಿನಕ್ಕೆ ಸರಿಯಾಗಿ 1 ಲೀಟರ್ ಹಾಕಬೇಕಾಯಿತು. ಅಂದರೆ 8 ಮಿ.ಮೀ.

ಪಾತ್ರೆ ಕೆರೆಗಿಂತ ಬೇಗ ಕಾಯುತ್ತದೆ. ಹಾಗಾಗಿ ಹವಾಮಾನ ಕೇಂದ್ರಗಳಲ್ಲಿ ಇಂಥ ತಟ್ಟೆಯ ಅಳತೆಯನ್ನು ಸುಮಾರು 0.7ರಿಂದ ಗುಣಿಸಿ ಕೆರೆಯ ಅಂದಾಜು ತೆಗೆಯುತ್ತಾರೆ. ನಮ್ಮ ಪಾತ್ರೆ ಇನ್ನೂ ಚಿಕ್ಕದು, ಆದ್ದರಿಂದ ಇದು ಅಂದಾಜು ಮಾತ್ರ ಎಂದು ಮಕ್ಕಳಿಗೆ ಹೇಳಿದೆ. 8 ಮಿ.ಮೀ. 5.6 ಆಯಿತು. ಒಂದು ಎಕರೆ ಮೇಲೆ 1 ಮಿ.ಮೀ. ನೀರೆಂದರೆ ಸುಮಾರು 4,047 ಲೀಟರ್. ನಮ್ಮ ಕೆರೆ ತುಂಬಿದಾಗ 45 ಎಕರೆ. ಗುಣಿಸಿ ನೋಡಿ ಎಂದೆ. ಕಪ್ಪು ಹಲಗೆ ಮೇಲೆ ಹತ್ತು ಲಕ್ಷ ಬಂತು. ದಿನಕ್ಕೆ ಹತ್ತು ಲಕ್ಷ ಲೀಟರ್! ಲೆಕ್ಕ ತಪ್ಪಾಗಿದೆ ಎಂದು ಮೂರು ಸಲ ಮಾಡಿದರು. ಊರಿಗೆ ಬರುವ ಟ್ಯಾಂಕರ್ 5,000 ಲೀಟರಿನದ್ದು. "ಇನ್ನೂರು ಟ್ಯಾಂಕರ್ ಮಿಸ್, ದಿನಾ!" ಎಂದ ಒಬ್ಬ. ಬೇಸಿಗೆಯಲ್ಲಿ ನೀರು ಹರಡಿರುವ ಜಾಗ 45 ಎಕರೆ ಇರುವುದಿಲ್ಲವಲ್ಲ, ಎಂದು ಇನ್ನೊಬ್ಬಳು ತಡೆದಳು. ಅದು ಸರಿ. ಮುಂದಿನ ಶನಿವಾರ ಅಂಚಿನುದ್ದಕ್ಕೂ ಹೆಜ್ಜೆ ಹಾಕಿ ಅಳೆದೆವು. ಗುಂಡಿಗಳಿಂದ ದೂರ, ಗಟ್ಟಿ ನೆಲದ ಮೇಲೆ, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು ಇಟ್ಟುಕೊಂಡು.

ಆ ವಾರ, ಕೆರೆ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿ ತಾತನನ್ನು ಕರೆಸಿದ್ದೆ. ತೂಬಿನ ಕಲ್ಲುಕಂಬ ತೋರಿಸಿ, ನೀರು ಎಲ್ಲಿವರೆಗೆ ಇದ್ದರೆ ಎಷ್ಟು ಗದ್ದೆಗೆ ಬಿಡಬಹುದು ಎಂದು ವಿವರಿಸಿದರು. ಮಕ್ಕಳು ಪಾತ್ರೆಯ ಲೆಕ್ಕ ಹೇಳಿದಾಗ ತಲೆಯಾಡಿಸಿ, "ಅದಕ್ಕೇ ಹೂಳು ತೆಗೀಬೇಕು ಅನ್ನೋದು. ಆಳ ಇದ್ರೆ ಬಿಸಿಲಿಗೆ ಕಮ್ಮಿ ಹೋಗ್ತದೆ" ಎಂದರು. ಅಷ್ಟೇ ನೀರು ಕಡಿಮೆ ಅಗಲದಲ್ಲಿ ನಿಂತರೆ ಆವಿ ಕಡಿಮೆ. ಮೇಲ್ಮೈ ವಿಸ್ತೀರ್ಣದ ಪಾಠ ಅಲ್ಲಿಗೆ ಮುಗಿಯಿತು.

ಮಣ್ಣು ಕುಡಿಯುವ ಹೊತ್ತು

ಮಣ್ಣಿನಲ್ಲಿ ನೀರು ಎಷ್ಟು ಬೇಗ ಇಂಗುತ್ತದೆ ಎಂದು ಅಳೆಯಲು ಬೇಕಾದದ್ದು ಎರಡೂ ಕಡೆ ತಳ ಕತ್ತರಿಸಿದ ತಗಡಿನ ಡಬ್ಬ, ಸುಮಾರು 10 ಸೆಂ.ಮೀ. ಅಗಲ. ಅಂಚು ಕೈ ಕೊಯ್ಯದಂತೆ ಸುತ್ತಿಗೆಯಿಂದ ಮಡಚಿ. ಒಂದು ಮರದ ತುಂಡು ಇಟ್ಟು ಬಡಿದು, ಮೂರು ಬೆರಳಷ್ಟು ಮಣ್ಣಿಗೆ ಇಳಿಸಿ. 400 ಮಿ.ಲೀ. ನೀರು ಹಾಕಿ, ಪೂರ್ತಿ ಇಂಗುವವರೆಗೆ ಸಮಯ ನೋಡಿ. ಒಣಮಣ್ಣು ಮೊದಲ ಸಲ ಗಟಗಟ ಕುಡಿದುಬಿಡುತ್ತದೆ. ಅದನ್ನು ಬರೆಯಬೇಡಿ. ಎರಡನೇ ಸಲ ಹಾಕಿದ್ದನ್ನು ಬರೆಯಿರಿ. ನಾನು ಮೊದಲೆರಡು ವರ್ಷ ಇದನ್ನು ಮಾಡದೆ, ಒಂದು ಸಲದ ಅಂಕಿ ಇನ್ನೊಂದು ಸಲಕ್ಕೆ ಹೊಂದದೆ ತಲೆಕೆಡಿಸಿಕೊಂಡಿದ್ದೆ.

ಮೂರು ಜಾಗದಲ್ಲಿ ಮಾಡಿ. ತೋಪಿನ ಹೊಂಗೆ ಮರದ ಕೆಳಗೆ, ದನ ಮೇಯುವ ಗೋಮಾಳದಲ್ಲಿ, ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ. ಹೋದ ನವೆಂಬರ್‌ನಲ್ಲಿ ಹೊಂಗೆ ಕೆಳಗೆ ಎರಡು ನಿಮಿಷ ಹಿಡಿಯಿತು, ಗೋಮಾಳದಲ್ಲಿ ಹನ್ನೊಂದು. ದಾರಿಯಲ್ಲಿ ಅರ್ಧ ಗಂಟೆ ಆದರೂ ನೀರು ಹಾಗೇ ನಿಂತಿತ್ತು. ಆಮೇಲೆ ಮೂರು ಕಡೆಯ ಮಣ್ಣನ್ನು ಒಂದೊಂದು ಹಿಡಿ ಕೈಯಲ್ಲಿ ಹಿಸುಕಿ ನೋಡಲು ಹೇಳಿ. ಹೊಂಗೆ ಕೆಳಗಿನದ್ದು ಪುಡಿಪುಡಿ, ಎರೆಹುಳುವಿನ ತೂತು, ಬೇರಿನ ಎಳೆ. ದಾರಿಯದ್ದು ಇಟ್ಟಿಗೆಯ ಹಾಗೆ.

ಹಕ್ಕಿ ಎಣಿಕೆಗೆ ನಾನು ಕಾಲು ಗಂಟೆಗಿಂತ ಹೆಚ್ಚು ಕೊಡುವುದಿಲ್ಲ. ಒಂದೇ ಜಾಗದಲ್ಲಿ ನಿಂತು, ನೀರಕಾಗೆ, ಬೆಳ್ಳಕ್ಕಿ, ಗುಳುಮುಳುಕ, ಮಿಂಚುಳ್ಳಿ ಎಂದು ಗೆರೆ ಹಾಕಿ ಎಣಿಸುತ್ತಾರೆ. ಚಳಿಗಾಲ ಕಳೆಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬಂದರೆ ಮಾತ್ರ ಸಮಯ ಮರೆಯುತ್ತೇವೆ. ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಅವು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಯುತ್ತಾರೆ. ಈ ವಿಷಯ ಕೇಳಿದ ಮೇಲೆ ನಮ್ಮ ತೋಪಿನ ಹುಣಸೆ ಮರಗಳನ್ನು ಎಣಿಸಿ, ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಒಂದೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ಒಟ್ಟು ಹದಿನೇಳು.

ಬರೆಯುವುದು, ಹಂಚುವುದು

ಇಪ್ಪತ್ತೈದು ಮಕ್ಕಳಿಗಿಂತ ಹೆಚ್ಚು ಒಯ್ಯಬೇಡಿ. ಐದೈದು ಜನರ ಗುಂಪು ಮಾಡಿ, ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡಿ. ಅಳೆಯುವವರು, ಗಡಿಯಾರ ನೋಡುವವರು, ಬರೆಯುವವರು, ಚಿತ್ರ ಬಿಡಿಸುವವರು, ಸಾಮಾನು ಕಾಯುವವರು. ಮುಂದಿನ ತಿಂಗಳು ಕೆಲಸ ಬದಲಾಗಬೇಕು. ಹಾಗೆ ಮಾಡದಿದ್ದರೆ ಹುಡುಗರು ಅಳೆಯುತ್ತಾರೆ, ಹುಡುಗಿಯರು ಬರೆಯುತ್ತಾರೆ, ವರ್ಷಪೂರ್ತಿ ಅದೇ ನಡೆಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪುಸ್ತಕದಲ್ಲಿ ಪೆನ್ಸಿಲಿನಿಂದಲೇ ಬರೆಯಲಿ, ಪೆನ್ನಿನ ಮಸಿ ನೀರಿಗೆ ಹರಡುತ್ತದೆ. ದಿನಾಂಕ, ಹೊತ್ತು, ಮೋಡವೋ ಬಿಸಿಲೋ, ಹಿಂದಿನ ದಿನ ಮಳೆ ಬಂದಿತ್ತೇ, ಇಷ್ಟು ಮೊದಲು. ಅಂಕಿ ತಪ್ಪಾದರೆ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. "ನಿರೀಕ್ಷಿಸಿದ ಉತ್ತರ" ಎಂಬುದನ್ನು ನೀವು ಮೊದಲೇ ಹೇಳಿಬಿಡಬೇಡಿ. ಹೇಳಿದರೆ ಮಕ್ಕಳು ಅದಕ್ಕೆ ಹೊಂದುವ ಅಂಕಿಯನ್ನೇ ತರುತ್ತಾರೆ. ಪಾಪ, ನಮ್ಮನ್ನು ಖುಷಿಪಡಿಸಲು.

ಮಾರ್ಚ್‌ನಲ್ಲಿ ವರ್ಷದ ಅಂಕಿಗಳನ್ನೆಲ್ಲ ಒಂದು ದೊಡ್ಡ ಡ್ರಾಯಿಂಗ್ ಹಾಳೆಗೆ ಇಳಿಸಿ ಪಂಚಾಯತಿ ಕಚೇರಿಯಲ್ಲಿ ಅಂಟಿಸುತ್ತೇವೆ. ಜಾಗ ಅವರದ್ದು, ಲೆಕ್ಕವೂ ಅವರಿಗೆ ಸಿಗಬೇಕು. ಎರಡು ಟ್ರೇಗಳ ಚಿತ್ರ ನೋಡಿದ ಒಬ್ಬ ಸದಸ್ಯರು, ಚರಂಡಿ ಬಾಯಿಗೆ ಏನು ಮಾಡಬಹುದು ಎಂದು ಮಕ್ಕಳನ್ನೇ ಕೇಳಿದರು. ಈ ವರ್ಷದ ಪ್ರಶ್ನೆ ಅದೇ ಆಗಿದೆ. ಚರಂಡಿ ಕೆರೆ ಸೇರುವ ಮೊದಲು ಜೊಂಡು ಬೆಳೆದ ಜಾಗ ದಾಟಿದರೆ ಕೆಂಪು ಹುಳು ಕಡಿಮೆಯಾಗುತ್ತವೆಯೇ ಎಂದು ನೋಡುತ್ತಿದ್ದೇವೆ.

ವಾಪಸ್ ಹೊರಡುವಾಗ ಟ್ರೇಯಲ್ಲಿರುವುದನ್ನೆಲ್ಲ ಎಲ್ಲಿಂದ ತಂದೆವೋ ಅಲ್ಲಿಗೇ ದೊಡ್ಡವರು ಬಿಟ್ಟು ಬರುತ್ತಾರೆ. ಕೋಡಿ ಕಡೆಯದ್ದು ಕೋಡಿ ಕಡೆಗೆ, ಚರಂಡಿ ಕಡೆಯದ್ದು ಚರಂಡಿ ಕಡೆಗೆ. ಬಾಟಲಿಯಲ್ಲಿ ಹುಳು ಮನೆಗೆ ಒಯ್ಯುವಂತಿಲ್ಲ. ಬಲೆ ತೊಳೆದು, ಶಾಲೆಯ ಹಿಂದಿನ ತಂತಿಗೆ ನೇತುಹಾಕಿ ಚೆನ್ನಾಗಿ ಒಣಗಿಸಿ. ತಲೆ ಎಣಿಸಿ. ಗೇಟಿನಲ್ಲಿ ಇನ್ನೊಮ್ಮೆ ಎಣಿಸಿ. ಆಮೇಲೆ ಕಪ್ಪು ಹಲಗೆಯ ಮೂಲೆಯಲ್ಲಿ ಮುಂದಿನ ಶನಿವಾರದ ದಿನಾಂಕ ಬರೆಯಿರಿ.